ಬೋರ್ಡಿನ ಮಾಲಕೀಣ

"ಬಾಯಿ ಮುಚ್ಚಬೇ! ದ್ರಾಕ್ಷಿ ಮಾರಾಕ ನಿಂತೀಯೋ, ಹಲ್ಲ ಮಾರಾಕ ನಿಂತೀಯೋ?"

ಭಾವುಸಾಹೇಬ ಸಾವಕಾರ ಬದುವಿನ ಮೇಲೆ ಹಾಕಿಸಿಕೊಂಡಿದ್ದ ಪ್ಲಾಸ್ಟಿಕ್ ಕುರ್ಚಿಯಿಂದಲೇ ಒದರಿದ. ಚಪ್ಪರದ ಕೆಳಗೆ ಎರಡೂ ಕೈ ಎತ್ತಿ ದ್ರಾಕ್ಷಿ ಗೊನೆ ಹಿಡಿದು ನಿಂತಿದ್ದ ಕೆಂಪವ್ವ ಗಪ್ಪನೆ ಬಾಯಿ ಮುಚ್ಚಿದಳು.

"ಮುಚ್ಚಬ್ಯಾಡ್ರಿ ಅವ್ವಾರ, ನಗ್ರಿ! ನಮಗ ಬೇಕಾಗಿದ್ದ ಆ ಹಲ್ಲ ನೋಡ್ರಿ," ಎಂದ ಕ್ಯಾಮೆರಾದವನು.

ಕೆಂಪವ್ವ ಬಾಯಿ ತೆರೆದಳು.

"ಏ ಕತ್ತಿ, ಅಷ್ಟ ಅಲ್ಲ! ತೋಟದ ಮಾಲಕೀಣ ನಕ್ಕಂಗ ನಗಬೇಕ. ಮಾಲಕೀಣ ಎಲ್ಯಾರ ಹಿಂಗ ಹಲ್ಲ ಕಿಸೀತಾಳೇನ?" ಸಾವಕಾರ ಮತ್ತೆ ಒದರಿದ.

ಮಾಲಕೀಣರು ಹೇಗೆ ನಗುತ್ತಾರೆಂದು ಕೆಂಪವ್ವನಿಗೆ ಏನು ಗೊತ್ತು? ಸಾವಕಾರನ ಸೊಸೆ ದೀಪಾಲಿ ವೈನಿ ತೋಟಕ್ಕೆ ಬಂದಾಗಲೆಲ್ಲ ಔಷಧದ ವಾಸನೆಗೆ ಸೆರಗಿನಿಂದ ಅರ್ಧ ಮಾರಿ ಮುಚ್ಚಿಕೊಂಡೇ ಬರುತ್ತಿದ್ದಳು. ಸೆರಗಿನ ಹಿಂದೆ ನಗುತ್ತಿದ್ದಳೋ ಬೈಯುತ್ತಿದ್ದಳೋ ದೇವರಿಗೇ ಗೊತ್ತು. ಕೆಂಪವ್ವ ಒಂದು ಅಂದಾಜಿನ ಮೇಲೆ ಅರ್ಧ ನಕ್ಕಳು. ಕ್ಯಾಮೆರಾ ಕ್ಲಿಕ್ ಎಂದಿತು.

ಇದೆಲ್ಲ ಶುರುವಾದದ್ದು 'ಗೊಂಚಲ ಗೋಲ್ಡ್' ಎಂಬ ಟಾನಿಕ್ಕಿನಿಂದ. ಬಳ್ಳಿಗೆ ಹೊಡೆದರೆ ಹಣ್ಣು ಗೋಲಿಯಷ್ಟು ಊದುತ್ತದೆ ಎಂದು ಕಂಪನಿಯವರ ಮಾತು. ಭಾವುಸಾಹೇಬ ಈ ವರ್ಷ ಅದರ ಏಜೆನ್ಸಿ ಹಿಡಿದು, ತನ್ನ ತೋಟಕ್ಕೂ ಅದನ್ನೇ ಹೊಡೆಸಿ, ಕ್ರಾಸಿನಲ್ಲಿ ಅಂಗಡಿ ತೆರೆದಿದ್ದ. ಅಥಣಿಯಿಂದ ಕಾಗವಾಡದವರೆಗೆ ರಸ್ತೆ ಕೂಡುವ ಕಡೆಯೆಲ್ಲ ದೊಡ್ಡ ಬೋರ್ಡು ಹಾಕುವುದು, ಅದರಲ್ಲಿ ಒಬ್ಬ ರೈತ ಹೆಣ್ಣುಮಗಳ ಫೋಟೊ ಇರುವುದು ಎಂದು ಕಂಪನಿ ತೀರ್ಮಾನಿಸಿತ್ತು. ಕ್ಯಾಮೆರಾದವನು ಮೊದಲು ಕೈ ತೋರಿಸಿದ್ದು ದೀಪಾಲಿ ವೈನಿಯ ಕಡೆಗೆ. ವೈನಿಯೂ ಪೌಡರು ಹಚ್ಚಿಕೊಂಡು ತಯಾರಾಗಿಯೇ ಬಂದಿದ್ದಳು. ಸಾವಕಾರ ಕೆಂಡವಾದ.

"ನಮ್ಮ ಮನಿ ಹೆಣಮಕ್ಕಳ ಮಾರಿ ಚೌಕದಾಗ ಜೋತ ಬಿಡೂದಿಲ್ಲ! ಹೋಗಾವ ಬರಾವ, ಕುಡದಾವ ತಿಂದಾವ ಎಲ್ಲಾ ನೋಡ್ತಾನ. ಕೂಲ್ಯಾಗಿಂದ ಒಂದ ಮಾರಿ ತಗೋರಿ."

ಕೂಲಿಯ ಹೆಂಗಸರು ಆಗ ಸಾಲಿನಲ್ಲಿ ನಿಂತು ಗೊನೆಗಳಿಗೆ ಹಳೇ ಪೇಪರು ಸುತ್ತುತ್ತಿದ್ದರು. ಬಿಸಿಲು ಬಡಿದು ಹಣ್ಣು ಕಂದಬಾರದೆಂದು ಮಾಡುವ ಕೆಲಸ ಅದು. ಸುತ್ತುವವರು ಕಂದಿದರೆ ಅದಕ್ಕೆ ಪೇಪರು ಇರಲಿಲ್ಲ. ಆ ಸಾಲಿನಿಂದ ಕೆಂಪವ್ವನನ್ನು ಹಲ್ಲು ನೋಡಿ ಆರಿಸಿದರು, ಸಂತೆಯಲ್ಲಿ ಎತ್ತು ಆರಿಸಿದ ಹಾಗೆ. ದೀಪಾಲಿ ವೈನಿಯ ಹಳೆಯ ಹಸಿರು ಜರಿ ಸೀರೆ ಚಪ್ಪರದ ತಂತಿಯ ಮೇಲೆ ಬಂದು ಬಿತ್ತು. ಕೆಂಪವ್ವ ಬಳ್ಳಿಯ ಮರೆಗೆ ಹೋಗಿ ಉಟ್ಟು ಬಂದಳು.

"ಹಣಿ ಖಾಲಿ ಐತಲ್ರಿ," ಎಂದ ಕ್ಯಾಮೆರಾದವನು.

ಸಾಲಿನಿಂದ ಸೀಮಾ ಬಾಯಿ ಬಿಟ್ಟಳು. ಕೇರಿಯಲ್ಲಿ ಕೆಂಪವ್ವನ ಪಕ್ಕದ ಮನೆಯವಳು, ಹೊಸದಾಗಿ ಮದುವೆಯಾಗಿ ಬಂದವಳು, ಗುಂಪಿನಲ್ಲಿ ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೇ. "ಆಕಿ ಗಂಡ ಇಲ್ರಿ."

"ಫೋಟೊಕ್ಕ ಗಂಡ ಯಾಕ ಬೇಕಲೇ?" ಎಂದ ಭಾವುಸಾಹೇಬ. "ರಂಡಿ ಅಂತ ಬೋರ್ಡಿನ ಮ್ಯಾಲೆ ಬರೀತಾರೇನ? ಹಚ್ಚ ಕುಂಕುಮ."

ದೀಪಾಲಿ ವೈನಿ ಕೈಗೆ ಕೈ ತಾಗದಂತೆ ಮೇಲಿನಿಂದಲೇ ಕುಂಕುಮ ಉದುರಿಸಿದಳು. ಅಂಗೈಯಲ್ಲಿ ಬಿದ್ದ ಆ ಕೆಂಪು ಪುಡಿಯನ್ನು ಕೆಂಪವ್ವ ಸುಮಾರು ಹೊತ್ತು ನೋಡಿದಳು. ಗಂಡ ಧರೆಪ್ಪ ಸತ್ತ ಮೇಲೆ ಅವಳು ಅದನ್ನು ಮುಟ್ಟಿರಲಿಲ್ಲ. ಹಚ್ಚಿಕೊಳ್ಳುವಾಗ ಅವಳಿಗೆ ಸಂಕಟವಾಯಿತು. ಒಳಗೊಳಗೇ ಸಣ್ಣ ಸಂತೋಷವೂ ಆಯಿತು. ಸಂತೋಷವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಫೋಟೊ ಮುಗಿದ ಮೇಲೆ ಸಾವಕಾರ, "ಒರಸ್ಕೋ ಇನ್ನ," ಎಂದ. ಸೀರೆ ಬಿಚ್ಚಲು ಹೋದವಳಿಗೆ ವೈನಿ, "ಅದು ನಿಂಗ ಇರ್ಲಿ. ಮೈಗೆ ಹಾಕ್ಕೊಂಡಿ, ಇನ್ನ ನಾ ಏನ್ ಮಾಡ್ಲಿ ಅದನ್ನ," ಎಂದು ಮಾರಿ ತಿರುಗಿಸಿದಳು. ಅದು ದಾನವಾಗಿರಲಿಲ್ಲ. ಆದರೂ ಸೀರೆ ಚೆನ್ನಾಗಿತ್ತು.

ಸಂಜೆ ತೋಟದ ಗೇಟಿನಲ್ಲಿ ಮೇಸ್ತ್ರಿ ಮಾಳಸಿದ್ದ ಎಂದಿನಂತೆ ಬಡಿಗೆ ಹಿಡಿದು ನಿಂತಿದ್ದ. ಮನೆಗೆ ಹೋಗುವ ಪ್ರತಿಯೊಬ್ಬಳೂ ಅವನೆದುರು ಉಡಿ ಝಾಡಿಸಬೇಕು. ಸೆರಗು ಬಿಚ್ಚಿ, ಮಡಿಲು ಕೊಡವಿ, ಒಂದು ಹಣ್ಣೂ ಇಲ್ಲವೆಂದು ತೋರಿಸಬೇಕು. ಹಣ್ಣು ಸಿಕ್ಕರೆ ಮರುದಿನದಿಂದ ಕೂಲಿಯಿಲ್ಲ. ಈ ತೋಟದ ಬಳ್ಳಿಗಳು ಕೆಂಪವ್ವನ ಮೊಣಕಾಲಿನಷ್ಟಿದ್ದಾಗಿನಿಂದ ಅವಳು ಅಲ್ಲಿ ದುಡಿಯುತ್ತಿದ್ದಳು. ಅಲ್ಲಿಯ ಒಂದೇ ಒಂದು ಹಣ್ಣಿನ ರುಚಿ ಅವಳ ನಾಲಿಗೆಗೆ ಗೊತ್ತಿರಲಿಲ್ಲ.

"ಫೋಟೊದಾಗ ಹಿಡದಿದ್ದ ಗೊನಿ ಎಲ್ಲೈತಿ?" ಎಂದು ಮಾಳಸಿದ್ದ ಕೇಳಿದ.

"ಕ್ಯಾಮೆರಾದಾಗ ಹೊಕ್ಕೊಂತ ನೋಡೋ ಮಾಮಾ, ಬೆಳಗಾಂವಿಗೆ ಹೋತ," ಎಂದಳು ಸೀಮಾ.

"ನಿನ್ನೌನ್, ಭಾಳ ಮಾತಾಡ್ತಿ. ಝಾಡಸಲೇ!"

ವೈನಿಯ ಜರಿ ಸೀರೆಯ ಉಡಿಯನ್ನೂ ಕೆಂಪವ್ವ ಝಾಡಿಸಿದಳು.

*

ವಾರದೊಳಗೆ ಬೋರ್ಡು ಬಂತು. ಕ್ರಾಸಿನ ಬಸ್ ನಿಲ್ಲುವ ಜಾಗದಲ್ಲಿ, ಕಬ್ಬಿಣದ ಕಾಲಿನ ಮೇಲೆ, ಮನೆಗಿಂತ ಎತ್ತರದ ಕೆಂಪವ್ವ. ಕೂಲಿಗೆ ಹೊರಟ ಹೆಂಗಸರೆಲ್ಲ ಬುತ್ತಿ ಗಂಟು ಹಿಡಿದು ಕತ್ತೆತ್ತಿ ನಿಂತರು. ಸೀಮಾ ದೊಡ್ಡದಾಗಿ ಓದಿದಳು: "ನನ್ನ ತೋಟ, ನನ್ನ ಹೆಮ್ಮೆ! ನನ್ನ ಯಶಸ್ಸಿನ ಗುಟ್ಟು ಗೊಂಚಲ ಗೋಲ್ಡ್. ಶ್ರೀಮತಿ ಕೆಂಪವ್ವ, ದ್ರಾಕ್ಷಿ ತೋಟದ ಮಾಲಕಿ."

"ಅಯ್ಯ, ನನ್ನ ಬಣ್ಣ ತೊಳದಾರಲ್ಲೇ!" ಕೆಂಪವ್ವನಿಗೆ ಮೊದಲು ಕಂಡದ್ದು ಅದು. "ಇಷ್ಟ ಬೆಳ್ಳಗ ನಾ ಹುಟ್ಟಿದಾಗೂ ಇದ್ದಿಲ್ಲ."

ಒಂದೊಂದು ಹಲ್ಲು ಚಪಾತಿ ಮಣೆಯಷ್ಟಿತ್ತು. ಕುಂಕುಮ ಅದಕ್ಕಿಂತ ದೊಡ್ಡದಿತ್ತು. ಅಂದಿನಿಂದ ಊರಿಗೆಲ್ಲ ಚೇಷ್ಟೆಯೋ ಚೇಷ್ಟೆ. ಬಸ್ಸಿನ ಕಂಡಕ್ಟರು, "ಮಾಲಕೀಣ್ರು ಬಂದ್ರು, ಸೀಟ ಬಿಡ್ರಿ," ಎನ್ನುತ್ತಿದ್ದ. ಯಾರೂ ಬಿಡುತ್ತಿರಲಿಲ್ಲ. ರಾಯಬಾಗದ ಕಡೆಯ ಒಬ್ಬ ಭಾವ, ಸತ್ತವರ ಮಣ್ಣಿಗೂ ಬಾರದವನು, ಫೋನು ಮಾಡಿ ಒಂದು ಪೆಟ್ಟಿಗೆ ಹಣ್ಣು ಕಳಿಸೆಂದ. ಕಣ್ಣು ಕಾಣದ ಅತ್ತೆ ದಿನಾ ಸಂಜೆ ಕೇಳುತ್ತಿದ್ದಳು, "ಇವತ್ತೂ ಅಲ್ಲೇ ನಿಂತೀಯೇನ? ಕಾಲ ನೋಯೂದಿಲ್ಲೇನ?"

ನಿಜ ಹೇಳಬೇಕೆಂದರೆ ಕೆಂಪವ್ವನಿಗೆ ಈ ಗಮ್ಮತ್ತು ಹಿಡಿಸಿತ್ತು. ಬೆಳಿಗ್ಗೆ ಹೋಗುವಾಗ ಒಮ್ಮೆ ಮೇಲೆ ನೋಡಿ ತನಗೆ ತಾನೇ ಒಂದು ನಮಸ್ಕಾರ ಹಾಕಿ ಹೋಗುತ್ತಿದ್ದಳು.

ಗಮ್ಮತ್ತು ನಿಂತದ್ದು ರೇಶನ್ ಅಂಗಡಿಯಲ್ಲಿ. ಹೆಬ್ಬೆಟ್ಟು ಒತ್ತಿದರೆ ಮಶೀನು ಕುಂಯ್ ಎಂದಿತು. ಸೀರೆಗೆ ಒರೆಸಿ ಮತ್ತೆ ಒತ್ತಿದಳು. ಮತ್ತೆ ಕುಂಯ್.

"ನಿನ್ನ ಕಾರ್ಡ ರದ್ದ ಆಗೇತಿ," ಎಂದ ಅಂಗಡಿಯವನು. "ಇನ್ನ ಮ್ಯಾಲೆ ಅಕ್ಕಿ ಬರೂದಿಲ್ಲ. ಆಫೀಸಿಗೆ ಹೋಗಿ ಕೇಳ."

ಕೂಲಿ ಇದ್ದ ದಿನ ಇತ್ತು, ಇಲ್ಲದ ದಿನ ಇಲ್ಲ. ಆ ಅಕ್ಕಿ ಇದ್ದದ್ದಕ್ಕೆ ಅತ್ತೆ ಸೊಸೆ ಇಬ್ಬರೂ ಬದುಕಿದ್ದರು.

*

ಮರುದಿನ ಕೂಲಿ ಬಿಟ್ಟು ಸೀಮಾಳನ್ನು ಕರೆದುಕೊಂಡು ತಾಲೂಕಿನ ಊರಿಗೆ ಹೋದಳು. ರೇಶನ್ ಆಫೀಸಿನ ಸಾಹೇಬ ಚಹಾ ಕುಡಿಯುತ್ತಿದ್ದ. ಇವಳನ್ನು ನೋಡಿ ಕಪ್ಪನ್ನು ಬಾಯಿಯ ಹತ್ತಿರವೇ ನಿಲ್ಲಿಸಿದ.

"ಅರೇ, ಬರ್ರಿ ಬರ್ರಿ ಮಾಲಕೀಣ್ರ! ಬಡವರ ಅಕ್ಕಿ ತಿನ್ನಾಕ ನಾಚಿಕಿ ಬರೂದಿಲ್ಲೇನ ನಿಮಗ?"

"ನಾ ಎಲ್ಲಿ ಮಾಲಕೀಣ್ರಿ ಸಾಹೇಬ್ರ? ಕೂಲಿ ಮಾಡಾಕಿ."

ಸಾಹೇಬ ಪೆನ್ನಿನಿಂದ ಕಿಟಕಿಯ ಹೊರಗೆ ತೋರಿಸಿದ. ಎದುರಿನ ಚೌಕದಲ್ಲಿ ಅದೇ ಬೋರ್ಡು. ಅಲ್ಲಿಯೂ ಕೆಂಪವ್ವ ಅರ್ಧ ನಗುತ್ತಿದ್ದಳು.

"ಅದು ಯಾರ?"

"ನಾನ ರಿ."

"ಏನ್ ಬರದಾರ?"

"ಬರದದ್ದ ನಾ ಅಲ್ರಿ."

"ಬ್ಯಾರೆದವರು ಸುಳ್ಳ ದಾಖಲೆ ಕೊಟ್ಟ ಮುಚ್ಚಿ ಇಡ್ತಾರ. ನೀ ಊರೂರಿಗೆ ಬೋರ್ಡ ಹಾಕ್ಕೊಂಡ ಅಕ್ಕಿ ತಿಂತಿ! ದಿನಾ ಈ ಖುರ್ಚಿ ಮ್ಯಾಲೆ ಕುಂತ ನಿನ್ನ ಮಾರಿ ನೋಡಾಕತ್ತೇನಿ. ನನಗ ಎಷ್ಟ ಸಿಟ್ಟ ಬಂದಿರಬೇಡ?"

ಸೀಮಾ ನಡುವೆ ಬಾಯಿ ಹಾಕಿದಳು. "ಸಾಹೇಬ್ರ, ಅದು ಆಡ್ವರ್ಟೈಜ್ ರಿ. ಟಾನಿಕ್ ಮಾರಾಕ ಹಾಕ್ಯಾರ."

"ಅಷ್ಟ ದೊಡ್ಡ ಅಕ್ಷರದಾಗ ಯಾರಾದ್ರೂ ಸುಳ್ಳ ಬರೀತಾರೇನ?" ಸಾಹೇಬ ನಿಜವಾಗಿಯೂ ನಂಬಿಯೇ ಕೇಳಿದ. "ತೋಟ ಇಕೀದ ಅಲ್ಲಾಂದ್ರ ಯಾರದ? ಅಂವನ ಕಡಿಂದ ನಾಕ ಮಂದಿ ಮುಂದ ಹೇಳಸ್ರಿ, 'ಇಕಿ ನನ್ನ ಕೂಲಿ ಆಳು, ಬೋರ್ಡ ಸುಳ್ಳ' ಅಂತ. ಅದರ ಸಾಕ್ಷಿ ತರ್ರಿ, ಆಮ್ಯಾಲೆ ನೋಡೂಣು."

*

ಭಾವುಸಾಹೇಬ ಟಾನಿಕ್ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಎಲೆ ಅಡಿಕೆ ಹಾಕುತ್ತಿದ್ದ. ಕೆಂಪವ್ವ ಚಪ್ಪಲಿ ದೂರ ಬಿಟ್ಟು, ರಸ್ತೆಯ ಅಂಚಿನಲ್ಲೇ ನಿಂತು ಸಂಗತಿ ಹೇಳಿದಳು. ಅವನು ಪೂರ್ತಿ ಕೇಳಿ, ಪಿಚಕ್ಕನೆ ಉಗುಳಿದ.

"ಬೋರ್ಡ ಸುಳ್ಳ ಅಂತ ನಾ ಹೇಳಿದ್ರ, ಈ ಡಬ್ಬಿ ಯಾವಾಂವ ತಗೋತಾನಲೇ? ನಿನ್ನ ಅಕ್ಕಿ ಸಲುವಾಗಿ ನನ್ನ ಅಂಗಡಿ ಮುಚ್ಚಲೇನ?"

"ಹಂಗಲ್ರಿ ಎಪ್ಪಾ, ಸಾಹೇಬ್ರ ಮುಂದ ಒಂದ ಮಾತ ಹೇಳ್ರಿ ಸಾಕು. ಕಣ್ಣ ಕಾಣದ ಮುದಕಿ ಅದಾಳ್ರಿ ಮನ್ಯಾಗ."

"ಅಕ್ಕಿ ಯಾಕ ಬೇಕ ನಿನಗ? ಬೋರ್ಡಿನ್ಯಾಗ ಅಷ್ಟ ದೊಡ್ಡ ದ್ರಾಕ್ಷಿ ಅದಾವಲ್ಲ, ಏಣಿ ಹಚ್ಚಿ ಏರಿ ನೆಕ್ಕು. ಮುದುಕಿಗೂ ನೆಕ್ಕಸು!"

ಕಟ್ಟೆಯ ಮೇಲಿನ ನಾಲ್ಕೂ ಜನ ನಕ್ಕರು. ಒಬ್ಬನಂತೂ ನಕ್ಕು ನಕ್ಕು ಕೆಮ್ಮಿದ. ಕೆಂಪವ್ವ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅತ್ತೆಯ ಹೆಸರು ತೆಗೆದನಲ್ಲ, ಆ ಮುದುಕಿ ಅವನಿಗೆ ಏನು ಮಾಡಿತ್ತು? ಕೇರಿಯ ದಾರಿ ಅರ್ಧ ಸವೆಯುವವರೆಗೂ ಅವಳು ಜೊತೆಗೆ ಬಂದಿದ್ದ ಸೀಮಾಳಿಗಿಂತ ಮುಂದೆ ಬಿರಬಿರನೆ ನಡೆದಳು. ಆಮೇಲೆ ಇದ್ದಕ್ಕಿದ್ದ ಹಾಗೆ ನಕ್ಕಳು.

"ಯಾಕ ಚಿಗವ್ವಾ, ತಲಿ ಕೆಟ್ಟತೇನ?" ಸೀಮಾ ಗಾಬರಿಯಾದಳು.

"ಅಲ್ಲಲೇ, ಈ ಭಾಡ್ಯಾ ಬೇಡಿದ್ರ ಖರೇ ಹೇಳೂದಿಲ್ಲ. ಸಿಟ್ಟ ಬಂದ್ರ ಹೇಳ್ತಾನ. ನಾಕ ಮಂದಿ ಮುಂದ ಅವನಿಗೆ ಸಿಟ್ಟ ಬರಸಬೇಕ, ಅಷ್ಟ. ನಿನ್ನ ಮೊಬೈಲಿನ್ಯಾಗ ಸಿನೆಮಾ ತಗ್ಯಾಕ ಬರತೈತಲ್ಲ?"

*

ಹಣ್ಣು ಕಡಿಯುವ ದಿನ ಬಂತು. ತಾಸಗಾಂವದ ವ್ಯಾಪಾರಿ ಲಾರಿ, ಕ್ರೇಟು, ಹಮಾಲರೊಂದಿಗೆ ಹೊತ್ತು ಏರುವ ಮೊದಲೇ ತೋಟಕ್ಕೆ ಬಂದಿದ್ದ. ಹೊಸಬ. ವ್ಯವಹಾರವೆಲ್ಲ ಫೋನಿನಲ್ಲೇ ಮುಗಿದಿತ್ತು. "ಮಿರಜದಿಂದ ಬರೂ ಮುಂದ ದಾರ್ಯಾಗ ಬೋರ್ಡ ನೋಡ್ರಿ, ಅದಽ ನಮ್ಮ ತೋಟ," ಎಂದು ಭಾವುಸಾಹೇಬ ಹೆಮ್ಮೆಯಿಂದ ಹೇಳಿದ್ದ. ವ್ಯಾಪಾರಿ ದಾರಿಯುದ್ದಕ್ಕೂ ನೋಡಿಕೊಂಡೇ ಬಂದಿದ್ದ.

ಆ ಕಡೆಯ ತೋಟಗಳಲ್ಲಿ ಒಂದು ಪದ್ಧತಿ ಇತ್ತು. ಮೊದಲ ಗೊನೆಯನ್ನು ಕೊಳ್ಳುವವನು ತನ್ನ ಕೈಯಾರೆ ಕಡಿದು ಮಾಲಕೀಣಳ ಉಡಿಗೆ ಹಾಕಬೇಕು. ಆಮೇಲೆಯೇ ಉಳಿದ ಹಣ್ಣಿಗೆ ಕತ್ತರಿ. ಒಮ್ಮೆ ಉಡಿಗೆ ಬಿದ್ದದ್ದನ್ನು ಯಾರೂ ಮರಳಿ ಕೇಳುವಂತಿಲ್ಲ. ಕೇಳಿದರೆ ಮುಂದಿನ ವರ್ಷ ಬಳ್ಳಿ ಬಂಜೆಯಾಗುತ್ತದೆ ಎಂದು ನಂಬಿಕೆ. ದೀಪಾಲಿ ವೈನಿ ಆರತಿ ತಟ್ಟೆ ಹಿಡಿದು ಮಾವನ ಜೀಪಿನಲ್ಲಿ ಬರಬೇಕಿತ್ತು. ಅವಳ ಸಿಂಗಾರ ಇನ್ನೂ ಮುಗಿದಿರಲಿಲ್ಲ.

ಮುಗಿದಿದ್ದು ಕೆಂಪವ್ವನ ಸಿಂಗಾರ. ಹಸಿರು ಜರಿ ಸೀರೆ, ಹಣೆಯ ಮೇಲೆ ಕಾಸಗಲ ಕುಂಕುಮ. ಈ ಸಲ ಯಾರೂ ಮೇಲಿನಿಂದ ಉದುರಿಸಿರಲಿಲ್ಲ. ಅತ್ತೆಯೇ ತಡಕಾಡಿ ಹಣೆ ಹುಡುಕಿ ಹಚ್ಚಿದ್ದಳು. "ನನ್ನ ಮಗ ಏನ ಬ್ಯಾಡ ಅನ್ನೂದಿಲ್ಲ, ಹೋಗ," ಎಂದಿದ್ದಳು. ಹಿಂದೆ ಹತ್ತಾರು ಹೆಂಗಸರು ಕತ್ತರಿ ಹಿಡಿದು ಬಂದರು. ಗೇಟಿನಲ್ಲಿ ಮಾಳಸಿದ್ದ, "ಇದೇನ ಸೋಗಲೇ?" ಎಂದು ಬಾಯಿ ತೆರೆಯುವಷ್ಟರಲ್ಲಿ ವ್ಯಾಪಾರಿ ಕೈ ಮುಗಿದು ಓಡಿ ಬಂದ.

"ನಮಸ್ಕಾರ ಬಾಯಿಸಾಹೇಬ! ತುಮ್ಹೀಚ ನಾ? ಬೋರ್ಡಾವರ ತುಮ್ಹೀಚ!" ನೀವೇ ತಾನೆ ಬೋರ್ಡಿನ ಮೇಲಿರುವವರು ಎಂದು ಮರಾಠಿಯಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಕರೆದೊಯ್ದ. ಮಾಳಸಿದ್ದನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಮಾಲಕರು ತಂದ ವ್ಯಾಪಾರಿಗೆ ಎದುರು ಹೇಳುವುದೋ ಬಿಡುವುದೋ ಅವನಿಗೆ ತಿಳಿಯಲಿಲ್ಲ.

ವ್ಯಾಪಾರಿ ಒಂದು ಗೊನೆ ಆರಿಸಿ, ಪೇಪರಿನ ಸಮೇತ ಕಡಿದು ಎರಡೂ ಕೈಯಲ್ಲಿ ಹಿಡಿದ. "ಪಹಿಲಾ ಘಡ, ಬಾಯಿಸಾಹೇಬ. ಓಟೀತ ಘ್ಯಾ." ಮೊದಲ ಗೊನೆ, ಉಡಿಯಲ್ಲಿ ತಗೊಳ್ಳಿ.

ಕೆಂಪವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಇಲ್ಲಿಯವರೆಗೆ ಎಲ್ಲ ಆಟವಾಗಿತ್ತು. ಗಂಡ ಸತ್ತವಳ ಉಡಿ ಯಾರೂ ತುಂಬುವುದಿಲ್ಲ. ಇಷ್ಟು ವರ್ಷ ಅವಳು ಉಡಿ ಝಾಡಿಸಿದ್ದೇ ಝಾಡಿಸಿದ್ದು. ಸೀಮಾ ಹಿಂದಿನಿಂದ ಮೊಣಕೈಯಲ್ಲಿ ತಿವಿದಳು. ಕೆಂಪವ್ವ ಸೆರಗು ಚಾಚಿದಳು. ಗೊನೆ ಭಾರವಾಗಿಯೇ ಬಿತ್ತು.

ಅಷ್ಟರಲ್ಲಿ ಜೀಪು ಬಂದು ನಿಂತಿತು. ಭಾವುಸಾಹೇಬ ಇಳಿದ. ಹಿಂದೆ ಆರತಿ ತಟ್ಟೆ ಹಿಡಿದ ದೀಪಾಲಿ ವೈನಿ.

"ಯಾ ಸಾವಕಾರ, ಯಾ!" ಬನ್ನಿ ಬನ್ನಿ ಎಂದು ವ್ಯಾಪಾರಿ ತೋಳು ಚಾಚಿದ. "ಪದ್ಧತಿ ಮುಗೀತ್ರಿ. ತುಮಚ್ಯಾ ಮಿಸೆಸ್ ಭಾರಿ ಚಲೋ ಅದಾರ, ಹೊತ್ತ ಮೂಡೂಕಿಂತ ಮೊದಲಽ ತೋಟಕ್ಕ ಬಂದಾರ ನೋಡ್ರಿ!"

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಸಾವಕಾರನ ಮುಖ ಕುಂಕುಮಕ್ಕಿಂತ ಕೆಂಪಾಯಿತು.

"ಮಿಸೆಸ್? ಇಕಿ? ಥೂ! ಇಕಿ ನನ್ನ ಹೇಣ್ತಿ ಅಲ್ಲೋ ಮಾರಾಯಾ, ನನ್ನ ಕೂಲಿ ಆಳ! ಕೇರ್ಯಾಕಿ! ತುತ್ತ ಅಕ್ಕೀಗೆ ಗತಿ ಇಲ್ಲ ಈ ರಂಡಿಗೆ!"

"ಮತ್ತ ಬೋರ್ಡ ಮ್ಯಾಲೆ ಮಾಲಕಿ ಅಂತ ಐತಲ್ರಿ?" ಎಂದು ಕೆಂಪವ್ವ ಮೆಲ್ಲಗೆ ಕೇಳಿದಳು.

"ಬೋರ್ಡ ಸುಳ್ಳಲೇ ಬೋಳಿ! ಸುಳ್ಳ! ನೂರ ಸಲ ಸುಳ್ಳ!"

"ಸಾವಕಾರ್ರ," ಎಂದಳು ಸೀಮಾ, ಮೊಬೈಲು ಎತ್ತಿ ಹಿಡಿದು, "ಇನ್ನೊಂದ ಸಲ ಹೇಳ್ರಿ. ಸ್ವಲ್ಪ ಹಲ್ಲ ಕಾಣೂವಂಗ ಹೇಳ್ರಿ, ಚಲೋ ಬರ್ತೈತಿ."

ವ್ಯಾಪಾರಿ ತಲೆ ಕೆರೆದುಕೊಂಡ. "ಬೋರ್ಡ ಖೋಟಾ? ಮಗ ಟಾನಿಕ್ ಬೀ ಖೋಟಾ ಕಾಯ್?" ಹಾಗಾದರೆ ಟಾನಿಕ್ಕೂ ಸುಳ್ಳೇ ಎಂದು ಅವನ ಪ್ರಶ್ನೆ.

"ಹೇ, ಟಾನಿಕ್ ಖರೇ ರಿ! ಬೋರ್ಡೂ ಖರೇ... ಅಂದ್ರ ಫೋಟೊ ಅಷ್ಟ..." ಭಾವುಸಾಹೇಬ ತಾನು ತೋಡಿದ ಗುಂಡಿಯಲ್ಲಿ ಸುತ್ತು ಹೊಡೆಯತೊಡಗಿದ. ಕಡೆಗೆ ದಾರಿ ಕಾಣದೆ ಕೈ ಎತ್ತಿ ಕೆಂಪವ್ವನ ಮೇಲೆ ಬಂದ.

ಹೆಂಗಸರು ಕತ್ತರಿ ಹಿಡಿದ ಕೈ ಇಳಿಸದೆ ಒಂದೊಂದು ಹೆಜ್ಜೆ ಮುಂದೆ ಬಂದು ಕೆಂಪವ್ವನ ಆಚೀಚೆ ನಿಂತರು. ದಿನವಿಡೀ ಕೈ ಎತ್ತಿಯೇ ದುಡಿಯುವವರು, ಅವರಿಗೆ ಅದೇನು ಕಷ್ಟವಲ್ಲ. ಸಾವಕಾರನ ಕೈ ಗಾಳಿಯಲ್ಲೇ ನಿಂತಿತು, ಆಮೇಲೆ ಟೊಪ್ಪಿಗೆ ಸರಿ ಮಾಡಿಕೊಂಡು ಕೆಳಗಿಳಿಯಿತು. ದೀಪಾಲಿ ವೈನಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಇವತ್ತು ಔಷಧ ಹೊಡೆದಿರಲಿಲ್ಲ. ಅವಳ ಹೆಗಲು ಕುಲುಕುತ್ತಿತ್ತು.

"ಆ ಗೊನಿ ಇಟ್ಟ ಹೋಗ," ಎಂದ ಭಾವುಸಾಹೇಬ.

"ಮಾವಾರ," ಎಂದಳು ವೈನಿ ಸೆರಗಿನ ಹಿಂದಿನಿಂದಲೇ, "ಉಡ್ಯಾಗ ಬಿದ್ದದ್ದ ಕೇಳಬಾರದರಿ."

*

ಗೇಟಿನಲ್ಲಿ ಮಾಳಸಿದ್ದ ಬಡಿಗೆ ಅಡ್ಡ ಹಿಡಿದ. ಅಭ್ಯಾಸ. "ಉಡಿ ಝಾಡಸ."

ಕೆಂಪವ್ವ ಅವನ ಕಣ್ಣಲ್ಲಿ ಕಣ್ಣಿಟ್ಟು ನಿಂತಳು. ಅವಳ ಹಿಂದೆ ಕೆಲಸ ಬಿಟ್ಟು ಬಂದ ಹೆಂಗಸರೂ ಉಡಿ ಬಿಗಿಯಾಗಿ ಹಿಡಿದು ನಿಂತರು. ಅವರ ಉಡಿಯಲ್ಲಿ ಏನಿತ್ತೋ, ಇತ್ತೋ ಇಲ್ಲವೋ, ಯಾರು ಹೇಳಬೇಕು? ಮಾಳಸಿದ್ದ ಬಡಿಗೆ ಬದಿಗೆ ಸರಿಸಿ, ಆಕಾಶದ ಕಡೆ ನೋಡಿದ.

ನಾಳೆಯಿಂದ ಈ ತೋಟದಲ್ಲಿ ಕೂಲಿಯಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಸೀಮಾಳ ಮೊಬೈಲಿನ ಸಾಕ್ಷಿಯನ್ನು ಆಫೀಸಿನ ಸಾಹೇಬ ಒಪ್ಪುತ್ತಾನೋ, ಇನ್ನೊಂದು ಏನಾದರೂ ಹೇಳಿ ಅಟ್ಟುತ್ತಾನೋ, ಅದು ಗೊತ್ತಿರಲಿಲ್ಲ. ಬಸ್ಸು ಹಿಡಿದು ಹೋಗಿ ನೋಡಬೇಕು. ಅದಕ್ಕೇ ಕ್ರಾಸಿಗೆ ಬಂದು ಬೋರ್ಡಿನ ನೆರಳಿನಲ್ಲಿ ಕೂತರು. ಕೆಂಪವ್ವ ಪೇಪರು ಬಿಚ್ಚಿ, ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು. ಎಲ್ಲರೂ ಅವಳ ಮಾರಿ ನೋಡಿದರು. ಅಗಿದಳು. ಇನ್ನೊಂದು ಹಾಕಿಕೊಂಡಳು.

"ಹೆಂಗೈತಿ ಚಿಗವ್ವಾ?"

"ನೀರಲೇ!" ಕೆಂಪವ್ವ ಬೆರಗಾಗಿ ಹೇಳಿದಳು. "ಸೊಪ್ಪು ತೊಳದ ನೀರ ಇದ್ದಂಗೈತಿ. ಇದನ್ನ ಕದೀತೇವಂತ ದಿನಾ ಝಾಡಸಿದ್ನಲ್ಲೇ ಆ ಸೂಳಿಮಗ!"

ನಗು ತಡೆಯಲಾಗದೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಆಗ ಮಿರಜದ ಕಡೆಯ ಬಸ್ಸು ಬಂದು ನಿಂತಿತು. ಕಿಟಕಿಯಲ್ಲಿದ್ದವರು ಬೋರ್ಡು ನೋಡಿದರು, ಕೆಳಗೆ ನೋಡಿದರು. ಅದೇ ಸೀರೆ, ಅದೇ ಕುಂಕುಮ, ಅದೇ ಹಲ್ಲು. ಟೊಪ್ಪಿಗೆಯ ರೈತನೊಬ್ಬ ತಲೆ ಹೊರಗೆ ಹಾಕಿದ.

"ಅವ್ವಾರ, ಆ ಟಾನಿಕ್ ಚಲೋ ಐತೇನ್ರಿ? ನಮ್ಮದೂ ಸ್ವಲ್ಪ ತೋಟ ಐತಿ."

ಕೆಂಪವ್ವ ಎದ್ದು ಹೋಗಿ ಕಿಟಕಿಗೆ ಗೊನೆ ಎತ್ತಿ ಹಿಡಿದಳು. "ತಿಂದ ನೋಡ್ರಿ ಅಣ್ಣಾರ. ಮಾಲಕೀಣ ನಾನಽ ಹೇಳಾಕತ್ತೇನಿ, ಸುಡಗಾಡ ಐತಿ. ನಿಮ್ಮೂರಾಗೂ ಎಲ್ಲಾರಿಗೂ ಹೇಳ್ರಿ."

ಅವನು ಒಂದು ಹಣ್ಣು ಅಗಿದು, ಮಾರಿ ಕಿವುಚಿ, ಸಿಪ್ಪೆಯನ್ನು ಕಿಟಕಿಯಿಂದ ಉಗುಳಿದ. ಹಿಂದಿನ ಕಿಟಕಿಗಳಿಂದಲೂ ಕೈಗಳು ಚಾಚಿಕೊಂಡವು. ಎದುರಿನ ಟಾನಿಕ್ ಅಂಗಡಿಯ ಮುಂದೆ ಭಾವುಸಾಹೇಬನ ಜೀಪು ಗಕ್ಕನೆ ಬಂದು ನಿಂತಿತು. ಮೇಲೆ ಬೋರ್ಡಿನ ಕೆಂಪವ್ವ ಇನ್ನೂ ಅರ್ಧವೇ ನಗುತ್ತಿದ್ದಳು. ಕೆಳಗಿನವಳು ಅಷ್ಟೂ ಹಲ್ಲು ತೆಗೆದು, ಉಡಿಯ ಗೊನೆ ಎತ್ತಿ ಹಿಡಿದು, ಮುಂದಿನ ಬಸ್ಸಿಗೆ ಕೈ ಮಾಡುತ್ತಿದ್ದಳು.